ಹೂವಿಗೆ ಮೊದಲು ಬೇರು ನೋಡಿ: ಅಮೆರಿಕದ ಮಳಿಗೆಗಳಲ್ಲಿ ಗಿಡ ಕೊಳ್ಳುವವರ ಪ್ರಶ್ನೆಗಳು

ಈ ಸಲ ತೋಟಗಾರಿಕೆಯ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕದಲ್ಲಿ ನೆಲೆಸಿರುವ ಓದುಗರಿಂದ, ಇಲ್ಲವೆ ಮಕ್ಕಳ ಮನೆಗೆಂದು ಆರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗಿರುವ ತಂದೆತಾಯಿಗಳಿಂದ ಬಂದಿವೆ. ಮರ, ಮೊಳೆ, ಬಣ್ಣ, ನಲ್ಲಿ ಮುಂತಾದ ಮನೆ ರಿಪೇರಿ ಸಾಮಾನುಗಳನ್ನು ಮಾರುವ ದೊಡ್ಡ ಮಳಿಗೆಗಳಲ್ಲಿ ಗಾರ್ಡನ್ ಸೆಂಟರ್ ಎಂಬ ವಿಭಾಗವಿರುತ್ತದೆ. ಅಲ್ಲಿಂದ ಆಸೆಪಟ್ಟು ತಂದ ಗಿಡ ಕೈಗೆ ಹತ್ತುವುದಿಲ್ಲವೆಂಬುದು ಹೆಚ್ಚುಕಡಿಮೆ ಎಲ್ಲರ ಅಳಲು. ಮಗಳ ಮನೆಯಲ್ಲಿ ಎರಡು ವಸಂತಗಳನ್ನು ಕಳೆದು, ಇಂಥ ವಿಭಾಗಗಳಲ್ಲಿ ಗಂಟೆಗಟ್ಟಲೆ ಅಡ್ಡಾಡಿ, ಕೆಲವು ಗಿಡಗಳನ್ನು ಕಳೆದುಕೊಂಡೂ ಇರುವುದರಿಂದ ಈ ಪತ್ರಗಳು ನನಗೆ ಹತ್ತಿರದವು. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಮೇ ತಿಂಗಳ ಶನಿವಾರಗಳಲ್ಲಿ ಗಾರ್ಡನ್ ಸೆಂಟರಿನೊಳಗೆ ಕಾಲಿಡಲು ಜಾಗವಿರುವುದಿಲ್ಲ. ತಳ್ಳುಗಾಡಿಗೆ ತಳ್ಳುಗಾಡಿ ತಾಗುವ ಆ ಗದ್ದಲದಲ್ಲಿ ನಿಂತು ನೋಡಲು ಪುರುಸೊತ್ತಿಲ್ಲದೆ, ಹೂ ತುಂಬಿದ ಗಿಡಗಳನ್ನೇ ಆರಿಸಿ ತರುತ್ತೇವೆ. ಎರಡು ಮೂರು ವಾರಗಳಲ್ಲಿ ಅವು ಸೊರಗುತ್ತವೆ. ತಪ್ಪು ನಮ್ಮದೋ ಮಳಿಗೆಯದೋ? ನೋಡಿ ಕೊಳ್ಳುವುದು ಹೇಗೆ?
(ಎಡಿಸನ್, ನ್ಯೂಜೆರ್ಸಿ)

ಉತ್ತರ: ತಪ್ಪು ಯಾರದೆಂದು ತೀರ್ಮಾನಿಸುವ ಮೊದಲು ಆ ಗಿಡ ಅಲ್ಲಿಗೆ ಬಂದ ದಾರಿಯನ್ನು ತಿಳಿದುಕೊಳ್ಳುವುದು ಒಳ್ಳೆಯದು. ಈ ಮಳಿಗೆಗಳು ಗಿಡಗಳನ್ನು ತಾವೇ ಬೆಳೆಸುವುದಿಲ್ಲ. ದೂರದ ಹಸಿರುಮನೆಗಳಲ್ಲಿ ಅಳತೆಯ ನೀರು, ಅಳತೆಯ ಗೊಬ್ಬರ ಉಂಡು, ಗಾಳಿಯ ಹೊಡೆತವಿಲ್ಲದ ಬೆಚ್ಚನೆಯಲ್ಲಿ ಬೆಳೆದ ಸಸಿಗಳು ಹೂ ಬಿರಿಯುವ ವಾರಕ್ಕೆ ಸರಿಯಾಗಿ ಲಾರಿಯೇರಿ ಬರುತ್ತವೆ. ಈ ವ್ಯಾಪಾರದಲ್ಲಿ ಬಹಳ ಕಡೆ ‘ಪೇ ಬೈ ಸ್ಕ್ಯಾನ್’ ಎಂಬ ಪದ್ಧತಿಯಿದೆ. ಗಿಡವು ಗಲ್ಲಾದಲ್ಲಿ ಸ್ಕ್ಯಾನ್ ಆಗಿ ಗಿರಾಕಿಯ ಕೈ ಸೇರಿದಾಗ ಮಾತ್ರ ಬೆಳೆಗಾರನಿಗೆ ಹಣ ಸಲ್ಲುತ್ತದೆ, ಅಲ್ಲಿಯವರೆಗೆ ಒಣಗಿದ್ದು, ಮುರಿದದ್ದು, ಮಾರಾಟವಾಗದೆ ಉಳಿದದ್ದು ಎಲ್ಲವೂ ಬೆಳೆಗಾರನ ಲೆಕ್ಕಕ್ಕೆ. ಹಾಗಾಗಿ ಆ ಜಾಗದಲ್ಲಿ ಗಿಡವು ಕೆಲವೇ ದಿನ ನಿಂತು ಮುಂದೆ ಹೋಗಬೇಕಾದ ಸರಕು. ಲಾಲ್‌ಬಾಗಿನ ನರ್ಸರಿಯಲ್ಲಿ ಮಾಲಿಯನ್ನು ಕೇಳಿ ಗಿಡ ಕೊಂಡು ರೂಢಿಯಿರುವ ನಮಗೆ, ಕೇಳಲು ಯಾರೂ ಸಿಗದ ಈ ಜಾಗ ಅಪರಿಚಿತವೆನಿಸುವುದು ಸಹಜ. ಆದರೆ ಕೇಳಲು ಒಬ್ಬರಿರುತ್ತಾರೆ. ಗಿಡಗಳನ್ನು ಜೋಡಿಸಿ, ಒಣ ಹೂಗಳನ್ನು ಕಿತ್ತು, ಖಾಲಿಯಾದ ತಟ್ಟೆಗಳನ್ನು ತುಂಬಲು ಬೆಳೆಗಾರ ಸಂಸ್ಥೆಗಳು ತಮ್ಮದೇ ನೌಕರರನ್ನು ಕಳುಹಿಸುವುದುಂಟು. ಗಿಡಗಳ ನಡುವೆ ಕೆಲಸದಲ್ಲಿ ತೊಡಗಿರುವ ಅವರನ್ನು ಗುರುತಿಸಿ, ‘ಹೊಸ ಗಿಡಗಳು ಯಾವ ದಿನ ಬರುತ್ತವೆ?’ ಎಂದು ವಿನಯದಿಂದ ಕೇಳಿದರೆ ಹೇಳುತ್ತಾರೆ. ಆ ದಿನದ ಅಥವಾ ಅದರ ಮರುದಿನದ ಬೆಳಿಗ್ಗೆ ಹೋಗಿ. ಶನಿವಾರ ಮಧ್ಯಾಹ್ನ ಕೊಳ್ಳುವ ಗಿಡ ಅಷ್ಟು ಹೊತ್ತಿಗೆ ಹತ್ತಾರು ಕೈ ದಾಟಿ, ಬಿಸಿಲಿನಲ್ಲಿ ಬಳಲಿರುತ್ತದೆ.

ಇನ್ನು ಆರಿಸುವ ಬಗೆ. ತುಂಬಿ ಅರಳಿದ ಗಿಡವನ್ನು ಬಿಟ್ಟು, ಮೊಗ್ಗು ಹೆಚ್ಚಿರುವ, ಗಿಡ್ಡವಾಗಿ ಒತ್ತಾಗಿ ಕವಲೊಡೆದ ಗಿಡವನ್ನು ಆರಿಸಿ. ಅರಳಿದ ಹೂವು ಗಿಡದ ಶಕ್ತಿಯನ್ನು ಆಗಲೇ ಖರ್ಚು ಮಾಡಿರುತ್ತದೆ. ಎಲೆಯ ಅಡಿಭಾಗವನ್ನು ತಿರುಗಿಸಿ ನೋಡಿ. ಸಸ್ಯಹೇನು, ಬಿಳಿನೊಣ, ನುಸಿ ಎಲ್ಲವೂ ಅಡಗಿರುವುದು ಅಲ್ಲಿಯೇ. ಎಲೆಯ ಕಂಕುಳಲ್ಲಿ ಹತ್ತಿಯಂಥ ಬಿಳಿ ಚುಕ್ಕೆ ಕಂಡರೆ ಅದು ಹಿಟ್ಟುತಿಗಣೆ, ಅಂಥ ಗಿಡವನ್ನೂ ಅದರ ಪಕ್ಕದ ಗಿಡವನ್ನೂ ಮನೆಗೆ ತರಬಾರದು. ಆಮೇಲೆ, ಸಂಕೋಚಪಡದೆ, ಬೇರನ್ನು ನೋಡಬೇಕು. ಎಡಗೈಯ ಎರಡು ಬೆರಳುಗಳ ನಡುವೆ ಕಾಂಡ ಬರುವಂತೆ ಅಂಗೈಯನ್ನು ಮಣ್ಣಿನ ಮೇಲಿಟ್ಟು, ಕುಂಡವನ್ನು ತಲೆಕೆಳಗೆ ಮಾಡಿ, ಬಲಗೈಯಿಂದ ಕುಂಡದ ಬದಿಯನ್ನು ಮೆಲ್ಲನೆ ಒತ್ತಿದರೆ ಬೇರಿನ ಮುದ್ದೆ ಇಡಿಯಾಗಿ ಜಾರಿ ಬರುತ್ತದೆ. ಮಣ್ಣಿನ ಅಂಚಿನಲ್ಲಿ ಬಿಳಿಯ, ಗಟ್ಟಿಯಾದ ಬೇರುಗಳು ಅಲ್ಲಲ್ಲಿ ಕಂಡರೆ ಗಿಡ ಆರೋಗ್ಯವಾಗಿದೆ. ಮಣ್ಣೇ ಕಾಣದಷ್ಟು ಬೇರು ಸುತ್ತು ಸುತ್ತಿ ಚಾಪೆಯಂತಾಗಿದ್ದರೆ ಗಿಡ ಆ ಕುಂಡದಲ್ಲಿ ಬಹಳ ದಿನ ಕಳೆದಿದೆ ಎಂದರ್ಥ. ಬೇರು ಕಂದಾಗಿ, ಮೆತ್ತಗಾಗಿ, ಹುಳಿ ವಾಸನೆ ಹೊಡೆದರೆ ಅದು ಕೊಳೆತಿದೆ. ಮೇಲೆ ಎಷ್ಟೇ ಹೂವಿರಲಿ, ಹಿಂದಕ್ಕಿಡಿ. ಮಣ್ಣು ಉದುರಿ ಬೇರೇ ಕಾಣಿಸದಿದ್ದರೆ ಈಚೆಗಷ್ಟೇ ದೊಡ್ಡ ಕುಂಡಕ್ಕೆ ಬದಲಿಸಿದ ಸಸಿ. ದೊಡ್ಡ ಕುಂಡದ ಬೆಲೆ ಕೊಟ್ಟು ಚಿಕ್ಕ ಗಿಡ ಕೊಂಡಂತಾಗುತ್ತದೆ. ಮರದ ಸಸಿಯಾದರೆ, ಕಾಂಡವು ಬುಡದಲ್ಲಿ ಅಗಲವಾಗಿ ಬೇರಿಗೆ ಸೇರುವ ಭಾಗ ಮಣ್ಣಿನ ಮೇಲೆ ಕಾಣಬೇಕು. ಕಂಬ ನೆಟ್ಟಂತೆ ನೇರವಾಗಿ ಮಣ್ಣೊಳಗೆ ಹೋಗಿದ್ದರೆ ಅದನ್ನು ಆಳಕ್ಕೆ ಹೂತಿದ್ದಾರೆ.

ಮನೆಗೆ ತಂದ ಮೊದಲ ಗಂಟೆಯೂ ಮುಖ್ಯ. ಈ ಕುಂಡಗಳಲ್ಲಿ ಇರುವುದು ನಮ್ಮ ಕೆಮ್ಮಣ್ಣಲ್ಲ, ಪೀಟ್ ಎಂಬ ಹಗುರ ಸಾವಯವ ಪುಡಿಯ ಮಿಶ್ರಣ. ಅದು ಒಮ್ಮೆ ಪೂರ್ತಿ ಒಣಗಿದರೆ ನೀರನ್ನು ಹೀರುವುದೇ ಇಲ್ಲ. ಮೇಲಿನಿಂದ ಹೊಯ್ದ ನೀರು ಕುಂಡದ ಬದಿಯಿಂದ ಇಳಿದು ಹೋಗುತ್ತದೆ, ನಡುವಿನ ಬೇರು ಒಣಗಿಯೇ ಇರುತ್ತದೆ. ಎರಡು ವಾರದ ಬಳಿಕ ಸೊರಗುವ ಗಿಡಗಳಲ್ಲಿ ಅನೇಕವು ಹೀಗೆ ಬಾಯಾರಿ ಸಾಯುತ್ತವೆ. ತಂದೊಡನೆ ಕುಂಡವನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ, ಗುಳ್ಳೆಗಳು ನಿಲ್ಲುವವರೆಗೆ ಬಿಟ್ಟು, ಎತ್ತಿ ನೋಡಿ. ಆಗ ಕೈಗೆ ಬರುವ ಭಾರವನ್ನು ನೆನಪಿಟ್ಟುಕೊಂಡರೆ ಮುಂದೆ ಯಾವಾಗ ನೀರು ಬೇಕೆಂಬುದನ್ನು ಕೈಯೇ ಹೇಳುತ್ತದೆ. ಸುತ್ತಿಕೊಂಡ ಬೇರುಗಳನ್ನು ಬೆರಳಿನಿಂದ ಬಿಡಿಸಿ ಅಥವಾ ಚಾಕುವಿನಿಂದ ಮೂರು ನಾಲ್ಕು ಕಡೆ ಉದ್ದಕ್ಕೆ ಸೀಳಿ ನೆಡಿ. ಮಣ್ಣಿನಲ್ಲಿ ಕರಗುವುದೆಂದು ಹೇಳುವ ಪೀಟ್ ಕುಂಡದಲ್ಲಿ ಬಂದ ಸಸಿಯಾದರೆ ಅದರ ಮೇಲಂಚನ್ನು ಹರಿದು ತೆಗೆಯಿರಿ, ಇಲ್ಲವೆ ಪೂರ್ತಿ ಮಣ್ಣಿನಲ್ಲಿ ಮುಚ್ಚಿ. ಅಂಚು ಹೊರಗೆ ಉಳಿದರೆ ಅದು ದೀಪದ ಬತ್ತಿಯಂತೆ ಒಳಗಿನ ತೇವವನ್ನೆಲ್ಲ ಎಳೆದು ಗಾಳಿಗೆ ಬಿಡುತ್ತದೆ.

ಪ್ರಶ್ನೆ: ‘ಜಾಸ್ಮಿನ್’ ಎಂದು ಚೀಟಿಯಿದ್ದ ಬಳ್ಳಿ ತಂದೆವು, ಹೂವಿಗೆ ನಮ್ಮ ಮಲ್ಲಿಗೆಯ ಪರಿಮಳವೇ ಇಲ್ಲ. ಪೂಜೆಗೆಂದು ತಂದ ಕೆಂಪು ದಾಸವಾಳ ಚಳಿಗಾಲದಲ್ಲಿ ಸತ್ತುಹೋಯಿತು. ಪಕ್ಕದ ಮನೆಯವರ ದಾಸವಾಳ ಮಾತ್ರ ಪ್ರತಿ ವರ್ಷ ಹೂ ಬಿಡುತ್ತದೆ. ಚೀಟಿಯ ಮೇಲಿನ ‘ಜೋನ್’ ಎಂಬ ಅಂಕಿಗೂ ಇದಕ್ಕೂ ಸಂಬಂಧವಿದೆಯೇ?
(ಪ್ಲೇನೊ, ಟೆಕ್ಸಸ್)

ಉತ್ತರ: ನೇರ ಸಂಬಂಧವಿದೆ. ಅಮೆರಿಕದ ಕೃಷಿ ಇಲಾಖೆಯು ದೇಶವನ್ನು ಚಳಿಯ ಆಧಾರದಿಂದ 13 ವಲಯಗಳಾಗಿ ವಿಂಗಡಿಸಿದೆ. ಚಳಿಗಾಲದ ಅತಿ ತಂಪಾದ ರಾತ್ರಿಯ ಉಷ್ಣತೆಯನ್ನು ವರ್ಷವರ್ಷ ಗುರುತಿಸಿ, ಅವುಗಳ ಸರಾಸರಿ ತೆಗೆದು, 10 ಡಿಗ್ರಿ ಫ್ಯಾರನ್‌ಹೀಟಿಗೆ ಒಂದರಂತೆ ವಲಯ ಮಾಡಿದ್ದಾರೆ. ಪ್ರತಿ ವಲಯಕ್ಕೂ ಎ, ಬಿ ಎಂಬ ಎರಡು ಅರ್ಧಗಳಿವೆ. 1991ರಿಂದ 2020ರವರೆಗಿನ ಮಾಹಿತಿಯನ್ನು ಆಧರಿಸಿದ ನಕ್ಷೆ 2023ರ ನವೆಂಬರಿನಲ್ಲಿ ಪ್ರಕಟವಾಯಿತು. 2012ರ ನಕ್ಷೆಗೆ ಹೋಲಿಸಿದರೆ ದೇಶದ ಸುಮಾರು ಅರ್ಧ ಭಾಗ ಅರ್ಧ ವಲಯದಷ್ಟು ಬೆಚ್ಚನೆಯ ಕಡೆಗೆ ಸರಿದಿದೆ. ನಿಮ್ಮ ಊರು 8ನೆಯ ವಲಯದಲ್ಲಿದೆ, ಅಂದರೆ ಅಲ್ಲಿ ವರ್ಷದ ಕಡುಚಳಿಯ ರಾತ್ರಿ ಸರಾಸರಿ 10ರಿಂದ 20 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಸೊನ್ನೆಗಿಂತ 12ರಿಂದ 7 ಡಿಗ್ರಿ ಕೆಳಗೆ ಇಳಿಯುತ್ತದೆ. ಇದು ಸರಾಸರಿ ಎಂಬುದನ್ನು ಮರೆಯಬಾರದು. 2021ರ ಫೆಬ್ರವರಿ 16ರಂದು ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಉಷ್ಣತೆ ಸೊನ್ನೆಗಿಂತ 2 ಡಿಗ್ರಿ ಫ್ಯಾರನ್‌ಹೀಟ್ ಕೆಳಗಿಳಿದಾಗ, ನಕ್ಷೆಯ ಪ್ರಕಾರ ಬದುಕಬೇಕಾಗಿದ್ದ ಎಷ್ಟೋ ಗಿಡಗಳು ಅಲ್ಲಿ ಸತ್ತವು. ಬೇಸಿಗೆಯ ಬಿಸಿಲನ್ನು ಗಿಡ ತಾಳುತ್ತದೆಯೇ ಎಂಬುದನ್ನೂ ಈ ಅಂಕಿ ಹೇಳುವುದಿಲ್ಲ. ಟೆಕ್ಸಸ್ಸಿನಲ್ಲಿ ಅದನ್ನು ಬೇರೆಯಾಗಿಯೇ ವಿಚಾರಿಸಬೇಕು.

ನೀವು ತಂದದ್ದು ನಮ್ಮೂರಿನ ದಾಸವಾಳವೇ. ಅಲ್ಲಿ ಅದಕ್ಕೆ ‘ಟ್ರಾಪಿಕಲ್ ಹಿಬಿಸ್ಕಸ್’ ಎಂಬ ಹೆಸರು. ಹಿಮಗಟ್ಟುವ ಚಳಿಯನ್ನು ಅದು ತಡೆಯದು. ಚಳಿ ಬೀಳುವ ಪ್ರದೇಶಗಳಲ್ಲಿಯೂ ಮಳಿಗೆಗಳು ಅದನ್ನು ಒಂದು ಬೇಸಿಗೆಯ ಅಂದಕ್ಕೆಂದೇ ಮಾರುತ್ತವೆ, ಆದರೆ ಆ ಮಾತನ್ನು ಚೀಟಿಯ ಮೇಲೆ ದೊಡ್ಡದಾಗಿ ಬರೆಯುವುದಿಲ್ಲವೆಂಬುದು ನನ್ನ ತಕರಾರು. ನ್ಯೂಜೆರ್ಸಿಯಲ್ಲಿ ನಾನೂ ಹೀಗೆಯೇ ಒಂದನ್ನು ಕೊಂಡು, ನವೆಂಬರಿನ ಒಂದು ಬೆಳಿಗ್ಗೆ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತ ಎಲೆಗಳನ್ನು ಕಂಡು ಮರುಗಿದ್ದೇನೆ. ಅದನ್ನು ಕುಂಡದಲ್ಲಿಯೇ ಬೆಳೆಸಿ, ರಾತ್ರಿಯ ಉಷ್ಣತೆ 50 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 10 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ ಒಳಗೆ ತರಬೇಕು. ನೆರೆಮನೆಯವರದು ಬಹುಶಃ ‘ಹಾರ್ಡಿ ಹಿಬಿಸ್ಕಸ್’ ಇಲ್ಲವೆ ‘ರೋಸ್ ಆಫ್ ಶ್ಯಾರನ್’ ಆಗಿರಬೇಕು. ಮೊದಲನೆಯದು ಚಳಿಗಾಲದಲ್ಲಿ ನೆಲಮಟ್ಟಕ್ಕೆ ಒಣಗಿ, ವಸಂತದ ಕೊನೆಗೆ ಬುಡದಿಂದ ಚಿಗುರಿ, ಊಟದ ತಟ್ಟೆಯಗಲದ ಹೂ ಬಿಡುತ್ತದೆ. ಎರಡನೆಯದು ಗಟ್ಟಿ ಕಾಂಡದ ಪೊದೆ. ಎರಡೂ ದಾಸವಾಳದ ಜಾತಿಯವೇ ಆದ್ದರಿಂದ ಪೂಜೆಗೆ ಬಳಸಲು ಯಾವ ಅಳುಕೂ ಬೇಡವೆಂದು ನನ್ನ ಅಭಿಪ್ರಾಯ.

ಮಲ್ಲಿಗೆಯ ವಿಷಯ ಇನ್ನಷ್ಟು ಎಚ್ಚರದ್ದು. ‘ಸ್ಟಾರ್ ಜಾಸ್ಮಿನ್’ ಎಂದು ಮಾರುವ ಬಳ್ಳಿ ಮಲ್ಲಿಗೆಯೇ ಅಲ್ಲ, ನಮ್ಮ ಕಣಗಿಲೆಯ ಕುಟುಂಬದ್ದು. ಎಲೆ ಮುರಿದರೆ ಹಾಲು ಬರುತ್ತದೆ. ‘ಕೆರೊಲಿನಾ ಜೆಸಮಿನ್’ ಎಂಬ ಹಳದಿ ಹೂವಿನ ಬಳ್ಳಿಯಂತೂ ಬೇರಿನಿಂದ ಮಕರಂದದವರೆಗೆ ವಿಷಕಾರಿ. ಹೆಸರನ್ನು ನಂಬಿ ಅದನ್ನು ಮುಡಿಯಲು ಕೊಯ್ಯಬೇಡಿ, ಹೂವನ್ನು ಬಾಯಿಗಿಡುವ ಚಿಕ್ಕ ಮಕ್ಕಳಿರುವ ಮನೆಗೆ ತರಲೇಬೇಡಿ. ದುಂಡು ಮಲ್ಲಿಗೆ ಬೇಕಾದರೆ ಚೀಟಿಯಲ್ಲಿ ‘ಜಾಸ್ಮಿನಮ್ ಸಂಬಾಕ್’ ಎಂಬ ಸಸ್ಯಶಾಸ್ತ್ರೀಯ ಹೆಸರನ್ನು ಹುಡುಕಿ. ‘ಮೇಡ್ ಆಫ್ ಆರ್ಲಿಯನ್ಸ್’, ‘ಗ್ರ್ಯಾಂಡ್ ಡ್ಯೂಕ್’ ಎಂಬ ತಳಿಗಳು ಅದೇ ಜಾತಿಯವು. ಅದೂ ಕುಂಡದ ಗಿಡವಾಗಿ ಚಳಿಗಾಲದಲ್ಲಿ ಮನೆಯೊಳಗೆ ಬಿಸಿಲು ಬೀಳುವ ಕಿಟಕಿಯ ಬಳಿ ಇರಬೇಕು.

ಪ್ರಶ್ನೆ: ನಾವು ಮೈಸೂರಿನವರು, ಸದ್ಯ ಬಾಸ್ಟನ್ ಹತ್ತಿರ ಮಗನ ಮನೆಯಲ್ಲಿದ್ದೇವೆ. ಏಪ್ರಿಲ್ ಎರಡನೆಯ ವಾರದಲ್ಲಿಯೇ ಮಳಿಗೆಯಲ್ಲಿ ಟೊಮ್ಯಾಟೊ, ಬದನೆ, ಮೆಣಸಿನ ಸಸಿಗಳು ಬಂದಿದ್ದವು. ತಂದು ನೆಟ್ಟೆವು, ಎಲ್ಲ ಸತ್ತವು. ಕಾಲವಲ್ಲದ ಕಾಲದಲ್ಲಿ ಮಾರುವುದೇಕೆ?

ಉತ್ತರ: ಬಿಸಿಲು ಕಂಡೊಡನೆ ಜನ ಗಿಡ ಕೊಳ್ಳಲು ಬರುತ್ತಾರೆ, ಜನ ಬರುವ ಹೊತ್ತಿಗೆ ಸರಕು ಸಿದ್ಧವಿರುತ್ತದೆ; ಅದು ಅಂಗಡಿಯ ಕಾಲಮಾನ, ಮಣ್ಣಿನ ಕಾಲಮಾನವಲ್ಲ. ಬಾಸ್ಟನ್ನಿನ ಸುತ್ತಲಿನ ಊರುಗಳಲ್ಲಿ ಮೇ ತಿಂಗಳ ಮಧ್ಯದವರೆಗೂ ಹಿಮಗಟ್ಟುವ ರಾತ್ರಿಯ ಭಯವಿರುತ್ತದೆ. ನೀವು ಹೆಸರಿಸಿದ ಮೂರೂ ಬೆಚ್ಚನೆಯ ನಾಡಿನ ಗಿಡಗಳು. ರಾತ್ರಿಯ ಉಷ್ಣತೆ 50 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗೆ ಇಳಿಯದಿರುವ ದಿನಗಳವರೆಗೆ ಕಾಯಬೇಕು. ಹಸಿರುಮನೆಯಿಂದ ಬಂದ ಸಸಿಯನ್ನು ನೇರವಾಗಿ ಬಯಲಿಗೆ ನೆಡಬಾರದು. ಮೊದಲ ದಿನ ನೆರಳಿನಲ್ಲಿ ಒಂದೆರಡು ಗಂಟೆ, ಮರುದಿನ ಇನ್ನೂ ಸ್ವಲ್ಪ ಹೆಚ್ಚು, ಹೀಗೆ ಏಳರಿಂದ ಹತ್ತು ದಿನ ಗಾಳಿಗೂ ಬಿಸಿಲಿಗೂ ಒಗ್ಗಿಸಿ, ರಾತ್ರಿ ಒಳಗೆ ತಂದಿಟ್ಟು ಹದಗೊಳಿಸಿ.

ಸಸಿ ಕೊಳ್ಳುವಾಗ ಎಲೆಯ ಮೇಲಿನ ಕಲೆಗಳನ್ನು ಅಲಕ್ಷಿಸಬೇಡಿ. 2009ರ ಬೇಸಿಗೆಯಲ್ಲಿ ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಟೊಮ್ಯಾಟೊ ಬೆಳೆಯನ್ನು ಅಂಗಮಾರಿ ರೋಗ, ಅಲ್ಲಿಯವರು ಲೇಟ್ ಬ್ಲೈಟ್ ಎನ್ನುವುದು, ವ್ಯಾಪಕವಾಗಿ ಹಾಳುಮಾಡಿತು. ದೊಡ್ಡ ಮಳಿಗೆಗಳಲ್ಲಿ ಮಾರಾಟವಾದ ಸೋಂಕಿತ ಸಸಿಗಳು ಮನೆಮನೆಯ ಕೈತೋಟ ಸೇರಿದ್ದು, ಆ ವರ್ಷ ತಂಪು ಮಳೆ ಹಿಡಿದುಕೊಂಡದ್ದು, ಎರಡೂ ಸೇರಿ ರೋಗ ಹೊಲಗಳಿಗೂ ಹರಡಿತು. 1840ರ ದಶಕದಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ನಾಶಮಾಡಿ ಬರಗಾಲ ತಂದದ್ದು ಇದೇ ರೋಗಾಣು. ನೀರಿನಲ್ಲಿ ನೆನೆದಂಥ ಕಡುಗಂದು ಕಲೆ, ಎಲೆಯಡಿಯಲ್ಲಿ ಬಿಳಿ ಬೂಷ್ಟು ಕಂಡ ಸಸಿಯನ್ನು ಕೊಳ್ಳದಿರುವುದು ನಿಮ್ಮ ಹಿತಕ್ಕಷ್ಟೇ ಅಲ್ಲ, ಪಕ್ಕದ ರೈತನ ಹಿತಕ್ಕೂ ಬೇಕಾದದ್ದು. ಸಂಶಯವಿದ್ದರೆ ಎಲೆಯ ಚಿತ್ರವನ್ನು ನಿಮ್ಮ ರಾಜ್ಯದ ವಿಶ್ವವಿದ್ಯಾಲಯದ ‘ಎಕ್ಸ್‌ಟೆನ್ಷನ್’ ಕಚೇರಿಗೆ ತೋರಿಸಿ. 1914ರ ಕಾಯ್ದೆಯಿಂದ ದೇಶಾದ್ಯಂತ ಬೇರೂರಿದ ಈ ವ್ಯವಸ್ಥೆ ನಮ್ಮ ಕೃಷಿ ವಿಜ್ಞಾನ ಕೇಂದ್ರಗಳಂತೆ ಜನಸಾಮಾನ್ಯರಿಗೆ ಸಲಹೆ ಕೊಡುತ್ತದೆ. ಇಷ್ಟು ಒಳ್ಳೆಯ ಸೇವೆಯನ್ನು ನಮ್ಮವರಲ್ಲಿ ಹೆಚ್ಚಿನವರು ಬಳಸುವುದೇ ಇಲ್ಲ.

ಪ್ರಶ್ನೆ: ನಮ್ಮ ಊರಿನ ಗಾರ್ಡನ್ ಸೆಂಟರಿನಲ್ಲಿ ಕರಿಬೇವು ಸಿಗುವುದಿಲ್ಲ. ಫ್ಲಾರಿಡಾದ ಸ್ನೇಹಿತರ ಹಿತ್ತಲಲ್ಲಿ ಮರವೇ ಇದೆ. ಒಂದು ಸಸಿಯನ್ನು ಕಾರಿನಲ್ಲಿ ತಂದರೆ ತಪ್ಪೇ?
(ರಾಲೀ, ನಾರ್ತ್ ಕೆರೊಲಿನಾ)

ಉತ್ತರ: ದಯವಿಟ್ಟು ತರಬೇಡಿ. ಅದು ಕಾನೂನಿಗೆ ವಿರುದ್ಧ, ಕಾನೂನಿನ ಹಿಂದೆ ಗಟ್ಟಿ ಕಾರಣವೂ ಇದೆ. ಕರಿಬೇವು ಕಿತ್ತಳೆ, ನಿಂಬೆಗಳ ಕುಟುಂಬದ ಗಿಡ. ಏಷ್ಯಾದಿಂದ ಬಂದ ಸಿಲ್ಲಿಡ್ ಎಂಬ, ಎಳ್ಳುಕಾಳಿನಷ್ಟು ಚಿಕ್ಕ ಕೀಟಕ್ಕೆ ಅದರ ಎಳೆಯ ಚಿಗುರು ಬಹಳ ಪ್ರಿಯ. ಈ ಕೀಟ ಕಿತ್ತಳೆ ಜಾತಿಯ ಮರಗಳಿಗೆ ಹ್ವಾಂಗ್ಲಾಂಗ್‌ಬಿಂಗ್ ಎಂಬ ರೋಗವನ್ನು ಹರಡುತ್ತದೆ; ಹಣ್ಣು ಹಸಿರಾಗಿಯೇ ಉಳಿದು, ಕಹಿಯಾಗಿ ಉದುರಿ, ಮರ ಮೆಲ್ಲಗೆ ಸಾಯುತ್ತದೆ, ಇದಕ್ಕೆ ಮದ್ದಿಲ್ಲ. ಫ್ಲಾರಿಡಾದಲ್ಲಿ 1998ರಲ್ಲಿ ಕೀಟವೂ 2005ರಲ್ಲಿ ರೋಗವೂ ಕಾಣಿಸಿಕೊಂಡವು. 2003-04ರಲ್ಲಿ ಸುಮಾರು 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿದ್ದ ಆ ರಾಜ್ಯ, ಈ ರೋಗ ಮತ್ತು ಚಂಡಮಾರುತಗಳ ಹೊಡೆತದಿಂದ 2023-24ರಲ್ಲಿ 2 ಕೋಟಿ ಪೆಟ್ಟಿಗೆಯನ್ನೂ ಮುಟ್ಟಲಿಲ್ಲ. ಆದ್ದರಿಂದಲೇ ಇಡೀ ಫ್ಲಾರಿಡಾ ನಿರ್ಬಂಧಿತ ಪ್ರದೇಶ. ಅಲ್ಲಿನ ಹಿತ್ತಲಿನ ಕರಿಬೇವಿನ ಸಸಿ ರಾಜ್ಯದ ಗಡಿ ದಾಟುವಂತಿಲ್ಲ. ಭಾರತದಿಂದ ಬರುವಾಗ ಸೂಟ್‌ಕೇಸಿನಲ್ಲಿ ಹಸಿ ಕರಿಬೇವು ತರುವಂತೆಯೂ ಇಲ್ಲ.

ದಾರಿಯೇ ಇಲ್ಲವೆಂದಲ್ಲ. ಪರವಾನಗಿ ಪಡೆದು, ತಪಾಸಣೆಗೆ ಒಳಪಟ್ಟು, ನಿಮ್ಮ ರಾಜ್ಯಕ್ಕೆ ಕಳುಹಿಸಲು ಅನುಮತಿಯಿರುವ ನರ್ಸರಿಗಳಿಂದ ಸಸಿ ತರಿಸಿಕೊಳ್ಳಬಹುದು. ಅರ್ಧ ಗೇಣಿನ ಸಸಿಗೆ ಅವರು ಹೇಳುವ ಬೆಲೆ ಕೇಳಿ ಊರಿನ ಹಿತ್ತಲು ನೆನಪಾದೀತು, ಆದರೂ ಅದೇ ಸರಿಯಾದ ದಾರಿ. ಚಳಿಗಾಲದಲ್ಲಿ ಒಳಗಿಟ್ಟಾಗ ಎಲೆ ಉದುರಿಸಿ ಬೋಳಾದರೆ ಸತ್ತಿತೆಂದು ಎಸೆಯಬೇಡಿ. ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ನೀರು ಕಡಿಮೆ ಮಾಡಿ ಕಾದಿರಿ, ವಸಂತದಲ್ಲಿ ಚಿಗುರುತ್ತದೆ.

ಪ್ರಶ್ನೆ: ಅರ್ಧ ಬೆಲೆಯ ಕಪಾಟಿನ ಗಿಡಗಳನ್ನು ಕೊಳ್ಳಬಹುದೇ? ಸತ್ತ ಗಿಡಕ್ಕೆ ಹಣ ಹಿಂದಿರುಗಿಸುತ್ತಾರೆಂಬುದು ನಿಜವೇ?
(ಹಲವರು)

ಉತ್ತರ: ವರ್ಷವರ್ಷ ಚಿಗುರುವ ಬಹುವಾರ್ಷಿಕ ಗಿಡಗಳಾದರೆ ಧಾರಾಳವಾಗಿ ಕೊಳ್ಳಿ. ಹೂ ಮುಗಿದ ಕಾರಣಕ್ಕೆ ಮಾತ್ರ ಆ ಕಪಾಟು ಸೇರಿದವು ಅವುಗಳಲ್ಲಿ ಬಹಳ. ಬೇರು ಬಿಳಿಯಾಗಿದ್ದರೆ ಮುಂದಿನ ವರ್ಷ ಹೂ ಬಿಡುತ್ತವೆ. ಒಂದೇ ಋತುವಿನ ಹೂಗಿಡ, ಹುಳು ಹಿಡಿದದ್ದು, ಬುಡ ಕೊಳೆತದ್ದು ಅರ್ಧ ಬೆಲೆಗೂ ಬೇಡ. ಖಾತರಿಯ ಮಾತು ನಿಜ. ಹೋಮ್ ಡಿಪೊ, ಲೋವ್ಸ್ ಎಂಬ ಎರಡು ದೊಡ್ಡ ಸರಪಳಿ ಮಳಿಗೆಗಳೂ ಮರ, ಪೊದೆ ಮತ್ತು ಬಹುವಾರ್ಷಿಕ ಗಿಡಗಳಿಗೆ ಒಂದು ವರ್ಷದ ಖಾತರಿ ಕೊಡುತ್ತ ಬಂದಿವೆ. ನಿಯಮಗಳು ಬದಲಾಗುವುದರಿಂದ ಕೊಳ್ಳುವ ದಿನವೇ ವಿಚಾರಿಸಿ, ರಸೀದಿಯನ್ನು ಜೋಪಾನವಾಗಿಡಿ. ನೀರು ಹಾಕಲು ಮರೆತು ಒಣಗಿಸಿದ ಗಿಡಕ್ಕೆ ಹಣ ಕೇಳುವುದು ನ್ಯಾಯವಲ್ಲವೆಂದು ನಾನು ತಿಳಿಯುತ್ತೇನೆ. ಅದರ ಹೊರೆ ಬೆಳೆಗಾರನ ಮೇಲೂ ಬೀಳಬಹುದು.

ಪ್ರಶ್ನೆ: ತುಳಸಿ, ದೊಡ್ಡಪತ್ರೆ, ಬಸಳೆಗಳು ಅಲ್ಲಿ ಯಾವ ಹೆಸರಿನಲ್ಲಿ ಸಿಗುತ್ತವೆ? ತಂದ ಕೂಡಲೇ ಎಲೆಯನ್ನು ಬಳಸಬಹುದೇ?
(ಫ್ರೀಮಾಂಟ್, ಕ್ಯಾಲಿಫೋರ್ನಿಯ)

ಉತ್ತರ: ‘ಬೇಸಿಲ್’ ಎಂದಷ್ಟೇ ಬರೆದಿದ್ದರೆ ಅದು ತುಳಸಿಯಲ್ಲ, ನಮ್ಮ ಕಾಮಕಸ್ತೂರಿ, ‘ಥಾಯ್ ಬೇಸಿಲ್’ ಕೂಡ ಅದರದೇ ಬಗೆ. ತುಳಸಿಗೆ ‘ಹೋಲಿ ಬೇಸಿಲ್’ ಎಂಬ ಹೆಸರಿದೆ, ಆದರೆ ಅದೇ ಹೆಸರಿನಲ್ಲಿ ಬೇರೆ ಜಾತಿಯನ್ನೂ ಮಾರುವುದುಂಟು. ‘ಓಸಿಮಮ್ ಟೆನ್ಯುಫ್ಲೋರಮ್’ ಎಂದಿದೆಯೇ ನೋಡಿ, ಎಲೆಯನ್ನು ಬೆರಳಲ್ಲಿ ಉಜ್ಜಿ ಮೂಸಿ ನೋಡಿ. ಬೃಂದಾವನದ ಮುಂದೆ ನಿಂತು ಬೆಳೆದವರಿಗೆ ಆ ವಾಸನೆ ತಪ್ಪದು. ದೊಡ್ಡಪತ್ರೆ ‘ಕ್ಯೂಬನ್ ಒರೆಗಾನೊ’ ಎಂಬ ಹೆಸರಿನಲ್ಲಿ ಸಿಗುತ್ತದೆ. ಬಸಳೆಗೆ ಅಲ್ಲಿ ‘ಮಲಬಾರ್ ಸ್ಪಿನಚ್’ ಎನ್ನುತ್ತಾರೆ. ಅದರ ‘ಬಸೆಲ್ಲಾ’ ಎಂಬ ಶಾಸ್ತ್ರೀಯ ಹೆಸರಿನಲ್ಲಿಯೇ ನಮ್ಮ ಬಸಳೆ ಕೇಳಿಸುತ್ತದೆ.

ತರಕಾರಿ ಮತ್ತು ಅಡುಗೆ ಸೊಪ್ಪಿನ ವಿಭಾಗದಿಂದ ತಂದ ಗಿಡವಾದರೆ ತೊಳೆದು ಬಳಸಬಹುದು. ಅಲಂಕಾರದ ಗಿಡಗಳ ಸಾಲಿನಿಂದ ತಂದದ್ದಾದರೆ ಬಾಯಿಗೆ ಹಾಕಬೇಡಿ. ಅಲಂಕಾರದ ಗಿಡಗಳಿಗೆ ಸಿಂಪಡಿಸಲು ಅನುಮತಿಯಿರುವ ಕೆಲವು ಕೀಟನಾಶಕಗಳಿಗೆ ತಿನ್ನುವ ಬೆಳೆಗಳ ಮೇಲೆ ಅನುಮತಿಯಿಲ್ಲ, ಮತ್ತು ಬೇರಿನಿಂದ ಹೀರಿಕೊಂಡು ಗಿಡದ ಮೈಯೆಲ್ಲ ಹರಡುವ ಔಷಧಿಯನ್ನು ಎಷ್ಟು ತೊಳೆದರೂ ತೆಗೆಯಲಾಗದು. ಅಂಥ ತುಳಸಿಯನ್ನು ದೇವರಿಗೆ ಏರಿಸಲು ಅಡ್ಡಿಯಿಲ್ಲ. ತೀರ್ಥಕ್ಕೆ ಮಾತ್ರ, ಅದೇ ಗಿಡದ ತೆನೆ ಒಣಗಿದ ಮೇಲೆ ಅಂಗೈಯಲ್ಲಿ ಉಜ್ಜಿ ಬೀಜ ಉದುರಿಸಿ, ಬೇರೆ ಕುಂಡದಲ್ಲಿ ತೆಳ್ಳಗೆ ಮಣ್ಣು ಮುಚ್ಚಿ ಬೆಳೆಸಿದ ಸಸಿಯ ಎಲೆಯನ್ನು ಬಳಸಿ.